ಪುನರ್ಪುಳಿ ತುಪ್ಪದ ಗೆರಟೆ

ಅಷ್ಟಗ್ರಹ ಕೂಟದ ವರ್ಷ ಲೋಕ ಮುಳುಗಲಿಲ್ಲ. ಎಂಟು ಗ್ರಹ ಒಂದೇ ರಾಶಿಗೆ ಬಂದು ಮುಳುಗಿಯೇ ಹೋಗುತ್ತದೆಂದು ಬಂಟ್ವಾಳದ ಪೇಟೆಯಿಂದ ಬೆಳ್ತಂಗಡಿಯ ಗುಡ್ಡದ ಮನೆಗಳ ತನಕ ಜನ ಹೋಮ, ಜಪ, ಉಪವಾಸ ಎಂದು ಓಡಾಡಿದ್ದೇ ಬಂತು. ಕೊನೆಗೆ ಎಂದಿನ ಹಾಗೆ ಬೆಳಗಾಯಿತು, ಹಟ್ಟಿಯಲ್ಲಿ ದನ ಕೂಗಿತು. ಪುಂಜಾಲಕಟ್ಟೆಯ ಆಚೆ ಸುಬ್ಬಪ್ಪ ಗೌಡರ ಮನೆಯಲ್ಲಿ ಮಾತ್ರ ಆ ಭಯದ ಲೆಕ್ಕಕ್ಕೆ ಒಂದು ಗೆರಟೆ ಅಟ್ಟ ಹತ್ತಿತ್ತು.

ಗೆರಟೆ ಅಂದರೆ ಅಂಥದ್ದೇನಲ್ಲ, ನುಣ್ಣಗೆ ಕೆರೆದ ತೆಂಗಿನ ಚಿಪ್ಪು. ಅದರೊಳಗೆ ಮಾಸಲು ಬಿಳಿಯ ತುಪ್ಪ. ದನದ್ದಲ್ಲ, ಪುನರ್ಪುಳಿ ಎಂಬ ಮುರುಗಲು ಹಣ್ಣಿನ ಬೀಜದ್ದು. ಅದು ಗೌಡರ ಮಗಳು ಲೋಲಾಕ್ಷಿಯ ಸ್ವತ್ತು.

ಲೋಲಾಕ್ಷಿಯದು ಹುಟ್ಟಿನಿಂದಲೇ ಒಣ ಚರ್ಮ. ಮೊಣಕಾಲಿನಿಂದ ಕೆಳಗೆ, ಮೊಣಕೈಯಿಂದ ಕೆಳಗೆ ಮೀನಿನ ಹುರುಪೆಯಂಥ ಸಣ್ಣ ಸಣ್ಣ ಬಿಲ್ಲೆ. ಮಳೆಗಾಲದಲ್ಲಿ ಅಷ್ಟಾಗಿ ಕಾಣದು. ಮಾಗಿಯ ಮೂಡುಗಾಳಿ ಬೀಸಲು ಶುರುವಾಯಿತೆಂದರೆ ಬಿಲ್ಲೆಗಳ ಅಂಚು ಬೆಳ್ಳಗಾಗಿ ಏಳುತ್ತದೆ. ಸೆರಗು ತಾಗಿದರೂ ಪರಪರ ಸದ್ದು. ಶಾಲೆಯಲ್ಲಿ ಮಕ್ಕಳು ಅವಳನ್ನು ಉಡದ ಮರಿ ಎಂದು ಕರೆಯುತ್ತಿದ್ದರು. ಒಂದು ದಿನ ಅವಳು ಹಾಗೆ ಕರೆದವನೊಬ್ಬನ ಕಿವಿ ಹಿಡಿದು, "ಉಡ ಹಿಡಿದರೆ ಬಿಡುವುದಿಲ್ಲ, ಗೊತ್ತುಂಟಾ?" ಎಂದು ಕೇಳಿದ್ದಳು. ಮೇಷ್ಟ್ರು ಬಂದು ಬಿಡಿಸುವವರೆಗೂ ಬಿಟ್ಟಿರಲಿಲ್ಲ.

ಅವಳ ಮೈಯನ್ನು ಸಾಕಿದವಳು ಅಜ್ಜಿ. ಅಜ್ಜಿ ಅದನ್ನು ರೋಗ ಎಂದದ್ದೇ ಇಲ್ಲ.

"ನಿನ್ನದು ಬೇಗ ಒಣಗುವ ಗದ್ದೆ ಮಗಾ, ಅಷ್ಟೇ," ಎನ್ನುತ್ತಿದ್ದಳು. "ಅಂಥ ಗದ್ದೆಗೆ ಎಂತ ಮಾಡ್ತಾರೆ? ನೀರು ಕಟ್ಟಿ, ಅದು ಹರಿದು ಹೋಗದ ಹಾಗೆ ಸುತ್ತಲಿನ ಹುಣಿ ಗಟ್ಟಿ ಮಾಡ್ತಾರೆ. ಎಣ್ಣೆ ಅಂದ್ರೆ ನೀರಲ್ಲ, ಹುಣಿ. ಮೊದಲು ನೀರು ಬೇಕು, ಆಮೇಲೆ ಹುಣಿ."

ಆದ್ದರಿಂದ ಬಚ್ಚಲಿನಿಂದ ಬಂದವಳನ್ನು ಅಜ್ಜಿ ಒರೆಸಲು ಬಿಡುತ್ತಿರಲಿಲ್ಲ. ನೀರಿಳಿಯುವ ಮೈಗೇ ತುಪ್ಪ ತಿಕ್ಕುವುದು. ಒಣಗಿದ ಮೇಲೆ ಹಚ್ಚಿದರೆ ಒಣಗಿದ ಗದ್ದೆಗೆ ಹುಣಿ ಕಟ್ಟಿದ ಹಾಗೆ, ಒಳಗೆ ಉಳಿಸಿಕೊಳ್ಳಲು ಏನಿರುತ್ತದೆ?

ಅಜ್ಜಿ ಹೋದ ಮೇಲೆ ತುಪ್ಪದ ಕೆಲಸ ಲೋಲಾಕ್ಷಿಯ ಕೈಗೆ ಬಂತು. ಬೇಸಿಗೆಯಲ್ಲಿ ಪುನರ್ಪುಳಿ ಹಣ್ಣಿನ ಸಿಪ್ಪೆಯನ್ನು ಒಣಗಿಸಿ, ಊರೂರು ತಿರುಗುವ ಜೈನಬಮ್ಮನಿಗೆ ಮಾರುವುದು ಆ ಕಡೆಯ ಎಲ್ಲ ಮನೆಗಳ ರೂಢಿ. ಬೀಜ ಗೊಬ್ಬರದ ಗುಂಡಿಗೆ. ಲೋಲಾಕ್ಷಿ ಆ ಬೀಜವನ್ನು ಹೆಕ್ಕಿ ಒಣಗಿಸಿ, ಸಿಪ್ಪೆ ಒಡೆದು, ಒರಳಿನಲ್ಲಿ ಕುಟ್ಟಿ ನೀರಿನಲ್ಲಿ ಕುದಿಸುತ್ತಿದ್ದಳು. ಮೇಲೆ ತೇಲಿದ ಜಿಡ್ಡು ಆರಿದಾಗ ಗಟ್ಟಿಯಾಗುತ್ತದೆ. ಅದನ್ನು ಹಾಗೆಯೇ ಹಚ್ಚಿದರೆ ಕಲ್ಲಿನಿಂದ ಉಜ್ಜಿದಂತೆ. ಬರೀ ತೆಂಗಿನೆಣ್ಣೆಯಾದರೆ ಮೈಗಿಂತ ಹೆಚ್ಚು ಸೀರೆ ಕುಡಿಯುತ್ತದೆ. ಎರಡನ್ನೂ ಕರಗಿಸಿ ಕೂಡಿಸಬೇಕು. ಸೆಕೆಗಾಲದಲ್ಲಿ ತುಪ್ಪ ಮುಂದು, ಮಾಗಿಯಲ್ಲಿ ಎಣ್ಣೆ ಮುಂದು. ಒಮ್ಮೆ ಬೇವಿನೆಣ್ಣೆ ಸೇರಿಸಿ ನೋಡಿದ್ದಳು; ಆ ವಾರ ಊಟಕ್ಕೆ ಅವಳ ಪಕ್ಕದಲ್ಲಿ ಬೆಕ್ಕೂ ಕೂರಲಿಲ್ಲ. ಹದ ಸಿಕ್ಕಿದ ಮೇಲೆ ಮಾಗಿಯಲ್ಲೂ ಅವಳ ಕೈಕಾಲು ಎಲ್ಲರ ಕೈಕಾಲಿನ ಹಾಗೆಯೇ ಇತ್ತು. ಒಂದು ವಾರ ಬಿಟ್ಟರೆ ಮಾತ್ರ ಹುರುಪೆ ಮರಳಿ ಬರುತ್ತಿತ್ತು. ಅದು ಅವಳಿಗೆ ಗೊತ್ತಿತ್ತು, ಬೇಸರವೂ ಇರಲಿಲ್ಲ. ದಿನಾ ಹಲ್ಲುಜ್ಜುವುದಕ್ಕೆ ಯಾರು ಬೇಸರಪಡುತ್ತಾರೆ?

ಬೇಸರವಿದ್ದದ್ದು ಅಪ್ಪನಿಗೆ. ಸುಬ್ಬಪ್ಪ ಗೌಡರು ಮಾತು ಕಡಿಮೆಯವರು; ಮನಸ್ಸಿನೊಳಗೆ ಇಟ್ಟುಕೊಂಡೇ ತಿರುಗುವ ಜಾತಿ. ಅವರ ತಮ್ಮ ಹಿಂದೊಮ್ಮೆ ಗಾಡಿದಾರಿಗೆಂದು ನಾಗಬನದ ಅಂಚಿನ ಮರವೊಂದನ್ನು ಕಡಿದಿದ್ದ. ನಾಗ ಮುನಿದರೆ ಚರ್ಮಕ್ಕೇ ಬರುತ್ತದೆಂಬ ಮಾತುಂಟು; ಮಗಳ ಚರ್ಮ ನೋಡಿದಾಗಲೆಲ್ಲ ಗೌಡರಿಗೆ ಆ ಮರ ಕಾಣುತ್ತಿತ್ತು. ಅಷ್ಟಗ್ರಹದ ಸುದ್ದಿ ಹಬ್ಬಿದಾಗ ಅವರು ಇನ್ನು ತಡೆಯಲಾರದೆ ಜೋಯಿಸರಲ್ಲಿ ಪ್ರಶ್ನೆ ಇಡಿಸಿದರು. ಕವಡೆ ಹೇಳಿದ್ದು ಅವರು ಹೆದರಿಕೊಂಡಿದ್ದನ್ನೇ: ನಾಗದೋಷ. ಗ್ರಹಕೂಟಕ್ಕೆ ಮೊದಲು ಆಶ್ಲೇಷ ಬಲಿ ಆಗಬೇಕು. ಅದಕ್ಕೆ ಮುಂಚೆ ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಹುಡುಗಿ ವ್ರತದಲ್ಲಿರಬೇಕು, ಮೈಗೆ ಎಣ್ಣೆ ಜಿಡ್ಡು ಸೋಕಬಾರದು.

"ಎಣ್ಣೆ ಬಿಟ್ಟರೆ ಒಡೀತದೆ ಅಪ್ಪ," ಎಂದಳು ಲೋಲಾಕ್ಷಿ. "ಬೇರೆ ಎಂತ ಬೇಕಾದರೂ ಬಿಡ್ತೇನೆ. ಉಪ್ಪು ಬಿಡ್ತೇನೆ. ಅನ್ನ ಬೇಕಾದರೆ ಬಿಡ್ತೇನೆ."

ಗೌಡರು ಅಂಗಳದ ಕಡೆ ನೋಡುತ್ತಾ ಕೂತರು. ಅವರು ಹಾಗೆ ಕೂತರೆ ಮಾತು ಮುಗಿಯಿತೆಂದೇ ಅರ್ಥ. ತಾಯಿ ಕಾವೇರಮ್ಮ ಗೆರಟೆಯನ್ನು ಬಟ್ಟೆಯಲ್ಲಿ ಕಟ್ಟಿ ಅಟ್ಟಕ್ಕೆ ಹತ್ತಿಸಿದಳು.

ಅದು ಮಾಗಿಯ ನಡು. ಮೊದಲ ವಾರದಲ್ಲಿ ಹುರುಪೆ ಎದ್ದಿತು. ಆಮೇಲೆ ಹಿಮ್ಮಡಿಯ ಮೇಲಿನಿಂದ ಮೊಣಕಾಲಿನವರೆಗೆ ಬೇಸಗೆಯ ಕೆರೆಯ ಕೆಸರಿನ ಹಾಗೆ ಬಿರುಕು. ಬಿರುಕಿನಲ್ಲಿ ನೆತ್ತರು. ಬೆಳಿಗ್ಗೆ ಏಳುವಾಗ ಸೀರೆ ಕಾಲಿಗೆ ಅಂಟಿರುತ್ತಿತ್ತು. ಬಿಸಿನೀರು ಹೊಯ್ದು ನಿಧಾನ ಬಿಡಿಸಬೇಕು. ನೋಡಲು ಬಂದವರು ಕೈ ಮುಗಿದು, ದೂರ ಕೂತು, ತಲೆ ಆಡಿಸಿದರು.

"ಕೋಪ ಹೊರಗೆ ಬರ್ತಾ ಉಂಟು ಕಾವೇರಕ್ಕ. ಒಳ್ಳೆ ಲಕ್ಷಣ. ಒಳಗೆ ಉಳಿಯುವುದಕ್ಕಿಂತ ಬಂದು ಹೋಗಲಿ."

ಎಣ್ಣೆ ಬಿಟ್ಟದ್ದರಿಂದ ಎಂದು ಲೋಲಾಕ್ಷಿ ಒಬ್ಬರಿಗೆ ಹೇಳಿದಳು, ಇನ್ನೊಬ್ಬರಿಗೆ ಹೇಳಿದಳು. ಮೂರನೆಯವರಿಗೆ ಹೇಳಲಿಲ್ಲ. ಹೇಳಿದ ಮಾತು ಕೇಳಿಸದೆ ಹೋಗುವುದಕ್ಕೂ ಒಂದು ಸದ್ದು ಇರುತ್ತದೆ. ಆ ಸದ್ದನ್ನು ಅವಳು ಆ ತಿಂಗಳಲ್ಲಿ ಚೆನ್ನಾಗಿ ಕಲಿತಳು. ಅಪ್ಪ ಮಾತ್ರ ಅವಳ ಕಾಲಿನ ಕಡೆ ನೋಡಲೇ ಇಲ್ಲ. ಊಟಕ್ಕೆ ಕೂತರೆ ಬಾಳೆಲೆ ನೋಡುತ್ತಿದ್ದರು, ಏಳುವಾಗ ಬಾಗಿಲು ನೋಡುತ್ತಿದ್ದರು.

ಜೈನಬಮ್ಮ ಉಳಿದ ಸಿಪ್ಪೆ ಒಯ್ಯಲು ಬಂದವಳು ಅವಳನ್ನು ಕಂಡು ಬುಟ್ಟಿ ಕೆಳಗಿಟ್ಟಳು.

"ಇದೆಂತ ಮೋಳೆ, ಇದೆಂತ ಮಗಳೇ! ಲೋಕ ಮುಳುಗುವ ಮೊದಲೇ ನಿನ್ನನ್ನು ಒಣಮೀನು ಮಾಡಿ ಇಟ್ಟಿದ್ದಾರಲ್ಲ! ನಿನ್ನ ತುಪ್ಪ ಎಲ್ಲಿ?"

"ಅಟ್ಟದಲ್ಲಿ."

"ಯಾಕೆ, ಅಟ್ಟಕ್ಕೂ ಕಾಲು ಒಡೆದಿದೆಯಾ?"

ಲೋಲಾಕ್ಷಿಗೆ ನಗು ಬಂತು. ನಕ್ಕರೆ ತುಟಿಯೂ ಬಿರಿಯಿತು. "ನಾನು ಹೇಳಿದರೆ ಯಾರೂ ಕೇಳುವುದಿಲ್ಲ ಜೈನಬಮ್ಮ."

ಜೈನಬಮ್ಮ ಬುಟ್ಟಿಯಿಂದ ಎರಡು ಹಿಡಿ ಸಿಪ್ಪೆ ತೆಗೆದು ಜಗಲಿಯ ಮೇಲೆ ಅಕ್ಕಪಕ್ಕ ಇಟ್ಟಳು. ಒಂದು ಕಪ್ಪುಗೆಂಪಾಗಿ ಮೆತ್ತಗಿತ್ತು, ಇನ್ನೊಂದು ಬೂಷ್ಟು ಹಿಡಿದಿತ್ತು. "ಇದು ಹಣ್ಣಿನದೇ ರಸ ಕುಡಿಸಿ ಒಣಗಿಸಿದ್ದು. ಇದು ಸೋಮಾರಿಗಳ ಮನೆಯದ್ದು. ಬಂಟ್ವಾಳದ ಸಾಹುಕಾರನಿಗೆ ನಾನು ಬಾಯಲ್ಲಿ ಹೇಳಿ ಹೇಳಿ ಸಾಕಾಗಿತ್ತು. ಈಗ ಹೇಳುವುದೇ ಇಲ್ಲ. ಎರಡನ್ನೂ ಹತ್ತಿರ ಇಡ್ತೇನೆ, ಬಾಯಿ ಮುಚ್ಚಿ ಕೂತುಕೊಳ್ತೇನೆ. ಅವನಿಗೆ ಕಣ್ಣುಂಟಲ್ಲ?"

ಆಶ್ಲೇಷ ಬಲಿ ಸಾಂಗವಾಗಿ ಆಯಿತು. ನೆಲದಲ್ಲಿ ಬರೆದ ಮಂಡಲದ ಮುಂದೆ ಕೂತು ಲೋಲಾಕ್ಷಿ ಮನಸ್ಸಿಟ್ಟೇ ಕೈಮುಗಿದಳು. ಬಣ್ಣದ ಹುಡಿಯಲ್ಲಿ ಬರೆದ ನಾಗನ ಮೈಮೇಲೆ ಸಾಲು ಸಾಲು ಹುರುಪೆ ಇತ್ತು. ಯಾರೋ ಬಹಳ ತಾಳ್ಮೆಯಿಂದ ಬರೆದಿದ್ದರು. ಚೆಂದವಾಗಿತ್ತು. ತನ್ನ ಮೇಲೆ ಈ ದೇವರಿಗೆ ಕೋಪ ಇದೆಯೆಂದು ಅವಳಿಗೆ ಅನಿಸಲೇ ಇಲ್ಲ. ಇಷ್ಟು ದಿನ ನಮ್ಮಿಬ್ಬರ ಹೆಸರಿನಲ್ಲೂ ಬೇರೆಯವರೇ ಮಾತಾಡಿದರಲ್ಲ ಎಂದು ಮಾತ್ರ ಅನಿಸಿತು.

ಮನೆಗೆ ಬಂದವಳು ಏಣಿ ಹಾಕಿ ತಾನೇ ಅಟ್ಟ ಹತ್ತಿದಳು. ವ್ರತ ಮುಗಿದಿತ್ತು, ಯಾರೂ ತಡೆಯಲಿಲ್ಲ. ಬಿಸಿನೀರು ಹೊಯ್ದುಕೊಂಡು, ಒದ್ದೆ ಕಾಲಿಗೆ ತುಪ್ಪ ಇಟ್ಟಾಗ ಉರಿಗೆ ಕಣ್ಣಲ್ಲಿ ನೀರು ಬಂತು. ಮರುದಿನ ಉರಿ ಕಡಿಮೆ. ಬಿರುಕುಗಳು ಒಂದೊಂದಾಗಿ ಕೂಡಿದವು, ಹುರುಪೆ ಮೆತ್ತಗಾಗಿ ಉದುರಿತು. ಗ್ರಹಗಳು ಕೂಡಿ, ಬೇರೆಯಾಗಿ, ತಮ್ಮ ತಮ್ಮ ದಾರಿ ಹಿಡಿಯುವ ಹೊತ್ತಿಗೆ ಅವಳ ಕೈಕಾಲು ಮೊದಲಿನಂತಾಗಿತ್ತು.

ಊರು ಬೆರಗಾಯಿತು. "ನಾಗ ಒಲಿದ, ಕಾಣುವುದಿಲ್ಲವಾ?" ಸುಬ್ಬಪ್ಪ ಗೌಡರು ಅಂದು ಮಗಳ ಕಾಲನ್ನು ನೋಡಿದರು. ತಿಂಗಳುಗಟ್ಟಲೆಯ ಮೇಲೆ ನೋಡಿ, ಹೆಗಲ ಬೈರಾಸದಿಂದ ಕಣ್ಣು ಒರೆಸಿಕೊಂಡರು. ಅವರು ಅಳುವುದನ್ನು ಅವಳು ಕಂಡದ್ದು ಅದೇ ಮೊದಲು. ಆ ಹೊತ್ತಿನಲ್ಲಿ ಗೆರಟೆಯ ಮಾತು ಎತ್ತಲು ಅವಳಿಗೆ ಬಾಯಿ ಬರಲಿಲ್ಲ. ಬಾಯಿ ಬಾರದ್ದು ತಪ್ಪಾಯಿತು. ಯಾಕೆಂದರೆ ಮಾತಾಡದ ಗೌಡರು ಈಗ ಮಾತಾಡತೊಡಗಿದರು. ಬಸ್ಸಿನಲ್ಲಿ, ಬಿ.ಸಿ.ರೋಡಿನ ಹೋಟೆಲಿನಲ್ಲಿ, ಸಿಕ್ಕಿದವರಿಗೆಲ್ಲ ಮಗಳ ದೋಷ ಹೋದ ಕತೆ. ಆ ಕತೆಯ ಬೆನ್ನು ಹಿಡಿದು, ಸಂಬಂಧ ಕೂಡಿಸುವ ಡೊಂಬಯ್ಯ ಕೊಡೆ ಊರಿಕೊಂಡು ಬಂದ.

"ಸಿದ್ಧಕಟ್ಟೆ ಕಡೆಯ ಮನೆ. ಪೂವಕ್ಕನ ಮಗ ಧರ್ಣಪ್ಪ. ಮೂಡಬಿದ್ರೆ ಬಸ್ಸಿನಲ್ಲಿ ಕಂಡಕ್ಟರು. ಗದ್ದೆಯೂ ಉಂಟು, ಗುಣವೂ ಉಂಟು. ಹುಡುಗಿಗೆ ಮೊದಲು ಹಾಗಿತ್ತು, ಈಗ ಪೂರ್ತಿ ಹೋಗಿದೆ ಅಂತ ನಾನೇ ಹೇಳಿದ್ದೇನೆ. ಹೌದಲ್ಲ ಗೌಡರೇ?"

"ಹೌದು," ಎಂದರು ಗೌಡರು.

"ಇಲ್ಲ," ಎಂದಳು ಬಾಗಿಲ ಹಿಂದಿನಿಂದ ಲೋಲಾಕ್ಷಿ. ಡೊಂಬಯ್ಯನಿಗೆ ಸರಿಯಾಗಿ ಕೇಳಿಸಲಿಲ್ಲವೋ, ಕೇಳಿಸಿಯೂ ಬೇಡವೆನಿಸಿತೋ, ಅವನು ಕೊಡೆ ಎತ್ತಿಕೊಂಡು ಎದ್ದ.

ಆ ಸಂಜೆ ಒಲೆಯ ಮುಂದೆ ಕಾವೇರಮ್ಮ ಮಗಳಿಗೆ ಬುದ್ಧಿ ಹೇಳಿದಳು. "ಅವರು ಬಂದಾಗ ತುಪ್ಪ, ಗಿಪ್ಪ ಅಂತ ಮಾತು ತೆಗೀಬೇಡ ಮಾರಾಯ್ತಿ. ಅಲ್ಲಿಗೆ ಹೋದ ಮೇಲೆ ಗುಟ್ಟಾಗಿ ಒಂದಿಷ್ಟು ತೆಂಗಿನೆಣ್ಣೆ ಹಚ್ಚಿಕೋ. ಯಾರು ಕೇಳ್ತಾರೆ?"

"ಗುಟ್ಟಾಗಿ ಬೀಜ ಕುಟ್ಟಲಿಕ್ಕೆ ಆಗ್ತದಾ ಅಮ್ಮ? ಗುಟ್ಟಾಗಿ ಕುದಿಸಲಿಕ್ಕೆ ಆಗ್ತದಾ? ಒಂದು ಮಾಗಿ ಸಾಕು. ಕೈ ಒಡೀತದೆ. ನಾಗ ತಿರುಗಿ ಬಂದ ಅಂತಾರೆ. ತಿರುಗಿ ಎಣ್ಣೆ ಬಿಡಿಸ್ತಾರೆ. ಬಿಟ್ಟರೆ ಮತ್ತೂ ಒಡೀತದೆ. ಆಮೇಲೆ ಸುಳ್ಳು ಹೇಳಿ ಕೊಟ್ಟರು ಅಂತ ನನ್ನನ್ನು ಇಲ್ಲಿ ತಂದು ಬಿಡ್ತಾರೆ. ಆಗ ಅಪ್ಪ ಯಾರಿಗೆ ಹೌದು ಅಂತಾರೆ?"

ಕಾವೇರಮ್ಮ ಒಲೆ ಊದಿದಳು. ಊದುವಷ್ಟು ಬೆಂಕಿ ಕಡಿಮೆಯೇನೂ ಆಗಿರಲಿಲ್ಲ.

ಮರುದಿನದಿಂದ ಲೋಲಾಕ್ಷಿ ಎಡಗೈಗೆ ತುಪ್ಪ ಹಚ್ಚುವುದನ್ನು ನಿಲ್ಲಿಸಿದಳು. ಬಲಗೈಗೆ, ಎರಡು ಕಾಲಿಗೆ ಎಂದಿನಂತೆ. ಎಡಗೈಯನ್ನು ಒರೆಸಿ ಒಣಗಿಸಿ, ಸೆರಗು ಸುತ್ತಿ ಇಟ್ಟುಕೊಂಡಳು. ಮೂಡುಗಾಳಿ ಇನ್ನೂ ಬೀಸುತ್ತಿತ್ತು. ಉಳಿದ ಕೆಲಸ ಅದು ಮಾಡಿತು. ಹುರುಪೆ ಎದ್ದಾಗ ಅವಳಿಗೆ ನೋವಿನ ಜೊತೆಗೆ ಇನ್ನೇನೋ ಒಂದು ಅನಿಸಿತು. ವ್ರತದ ಬಿರುಕು ಬೇರೆಯವರು ಕೊಟ್ಟದ್ದು. ಇದು ತನ್ನದು.

ಹೆಣ್ಣು ನೋಡುವ ದಿನ ಕಾವೇರಮ್ಮ ಬಲಗೈಗೆ ಬಳೆ ತೊಡಿಸಿದಳು. ಎಡಗೈಗೆ ನಾನೇ ಹಾಕಿಕೊಳ್ತೇನೆ ಎಂದಳು ಮಗಳು.

ಜಗಲಿಯಲ್ಲಿ ಪೂವಕ್ಕ ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ಪಕ್ಕದಲ್ಲಿ ಧರ್ಣಪ್ಪ, ದಿನವಿಡೀ ಬಸ್ಸಿನಲ್ಲಿ ಕೂಗುವವನಿಗೆ ಇಲ್ಲಿ ಧ್ವನಿಯೇ ಇರಲಿಲ್ಲ. ಲೋಲಾಕ್ಷಿ ಬಲಗೈಯಲ್ಲಿ ಬೆಲ್ಲದ ತಟ್ಟೆ, ಸೆರಗಿನೊಳಗಿನ ಎಡಗೈಯಲ್ಲಿ ನೀರಿನ ಚೆಂಬು ಹಿಡಿದು ಬಂದಳು. ಡೊಂಬಯ್ಯ ಗಂಟಲು ಸರಿಮಾಡಿಕೊಂಡ.

"ನೋಡಿ ಪೂವಕ್ಕ, ಕೈ ನೋಡಿ. ಬೆಣ್ಣೆ! ಮೊದಲು ಹೇಗಿತ್ತು ಅಂತ ನೋಡಿದವರಿಗೆ ಗೊತ್ತು."

"ಬಲಿ ಆದ ಮೇಲೆ ಪೂರ್ತಿ ಹೋಯ್ತು," ಎಂದರು ಗೌಡರು. "ನಾಗ ಕಣ್ಣು ಬಿಟ್ಟ."

ಲೋಲಾಕ್ಷಿ ತಟ್ಟೆಯನ್ನೂ ಚೆಂಬನ್ನೂ ಕೆಳಗಿಟ್ಟಳು. ಸೆರಗು ಬಿಚ್ಚಿ ಹಿಂದಕ್ಕೆ ಹಾಕಿ, ಪೂವಕ್ಕನ ಮುಂದೆ ಕೂತು, ಎರಡು ಕೈಗಳನ್ನೂ ಚಾಪೆಯ ಮೇಲೆ ಅಕ್ಕಪಕ್ಕ ಇಟ್ಟಳು. ಬಲಗೈ ನುಣ್ಣಗೆ. ಎಡಗೈ ಬೂದಿ ಬಳಿದಂತೆ, ಬಿಲ್ಲೆ ಬಿಲ್ಲೆಯಾಗಿ ಎದ್ದು, ಮಣಿಕಟ್ಟಿನಲ್ಲಿ ಕೆಂಪು ಗೀರು.

ಹಟ್ಟಿಯಲ್ಲಿ ಕರುವಿನ ಗಂಟೆ ಆಡಿದ್ದು ಕೇಳಿಸಿತು.

"ಇದೆಂತ ಇದು?" ಎಂದ ಡೊಂಬಯ್ಯ, ಮೋಸ ಹೋದವನ ಹಾಗೆ.

"ಎರಡೂ ನನ್ನದೇ," ಎಂದಳು ಲೋಲಾಕ್ಷಿ. "ಬಲಿ ಎರಡಕ್ಕೂ ಆಗಿದೆ. ಬಲಗೈಗೆ ದಿನಾ ತುಪ್ಪ ಹಚ್ಚಿದ್ದೇನೆ, ಎಡಗೈಗೆ ಹಚ್ಚಲಿಲ್ಲ. ನಾಗ ನನ್ನ ಒಂದೇ ಕೈ ಮೇಲೆ ಕೋಪ ಮಾಡಿಕೊಳ್ಳುವಷ್ಟು ಸಣ್ಣ ದೇವರಲ್ಲ. ಅವನೂ ಪೊರೆ ಬಿಡ್ತಾನೆ. ಅದಕ್ಕೆ ನಾವು ಕೈ ಮುಗೀತೇವೆ. ನಾನು ಬಿಟ್ಟರೆ ಮಾತ್ರ ದೋಷವಾ?"

"ಲೋಲಾ!" ಎಂದಳು ಒಳಗಿನಿಂದ ಕಾವೇರಮ್ಮ.

"ಹೇಳಿ ಮುಗಿಸ್ತೇನೆ ಅಮ್ಮ. ಇದು ಹೋಗುವುದಲ್ಲ. ಬೇಗ ಒಣಗುವ ಗದ್ದೆ. ನೀರು ಕಟ್ಟಿ ಹುಣಿ ಹಾಕಿದರೆ ಸುಖವಾಗಿರ್ತದೆ, ಬಿಟ್ಟರೆ ಒಡೀತದೆ. ನಾನು ಎಲ್ಲಿಗೆ ಹೋದರೂ ಗೆರಟೆ ಬರ್ತದೆ. ಬಚ್ಚಲಿನ ಕಲ್ಲಿನ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಡ್ತೇನೆ."

ಪೂವಕ್ಕ ಬಗ್ಗಿ ಎರಡು ಕೈಗಳನ್ನೂ ಮುಟ್ಟಿ ನೋಡಿದಳು. ಬತ್ತ ಕೊಳ್ಳುವವರು ಹಿಡಿ ತೆಗೆದು ನೋಡುವಂತೆ, ಆತುರವಿಲ್ಲದೆ. "ಮಕ್ಕಳಿಗೆ ಬಂದರೆ?" ಎಂದು ಕೇಳಿದಳು.

"ಬರಬಹುದು. ಬಂದರೆ ದೊಡ್ಡ ಗೆರಟೆ ಹುಡುಕ್ತೇನೆ."

ಧರ್ಣಪ್ಪನಿಗೆ ನಗು ತಡೆಯಲಾಗಲಿಲ್ಲ. ತಾಯಿ ತಿರುಗಿ ನೋಡಿದ್ದೇ ತಡ, ಅವನು ಬೆಲ್ಲದ ಚೂರೊಂದನ್ನು ಬಾಯಿಗೆ ಹಾಕಿಕೊಂಡು ನಗುವನ್ನೂ ಜೊತೆಗೇ ನುಂಗಿದ.

ಅವರು ಹೇಳಿ ಕಳಿಸ್ತೇವೆ ಎಂದು ಎದ್ದು ಹೋದರು. ಸುಬ್ಬಪ್ಪ ಗೌಡರು ಅಂದು ಊಟ ಮಾಡಲಿಲ್ಲ. ಲೋಲಾಕ್ಷಿ ಸಂಜೆ ಸ್ನಾನ ಮಾಡಿ ಎಡಗೈಗೆ ತುಪ್ಪ ಹಚ್ಚಿದಳು. ಬಚ್ಚಲಿನ ಕತ್ತಲೆಯಲ್ಲಲ್ಲ, ಅಂಗಳದಲ್ಲಿ, ಅಪ್ಪ ಕೂತಿದ್ದ ಜಗಲಿಯ ನೇರ ಎದುರಿಗೆ ನಿಂತು. ಗೌಡರು ಮುಖ ತಿರುಗಿಸಿದರು. ಮರುದಿನವೂ ಅವಳು ಅಲ್ಲೇ ನಿಂತಳು, ಅವರು ಮುಖ ತಿರುಗಿಸಿದರು. ಆಮೇಲೊಂದು ದಿನ ತಿರುಗಿಸಲು ಮರೆತರೋ ಏನೋ, ನೋಡಿದರು. ಅವಳ ಎಡಗೈಯ ಕೆಂಪು ಗೀರು ಕೂಡಿಕೊಂಡಿತ್ತು. ಯಾವ ಹೋಮದ ಹೊಗೆಯೂ ಇಲ್ಲದೆ, ಕವಡೆಯ ಸದ್ದೂ ಇಲ್ಲದೆ, ಅವರ ಕಣ್ಣೆದುರಿಗೇ ಎಡಗೈ ಬಲಗೈಯಂತಾಗುತ್ತಾ ಬಂತು. ಅವರು ಒಂದು ಮಾತೂ ಹೇಳಲಿಲ್ಲ. ಆದರೆ ಆ ಮೌನ ಮೊದಲಿನದಲ್ಲ ಎಂದು ಅವಳಿಗೆ ಗೊತ್ತಾಯಿತು. ಮೊದಲಿನದು ಮುಚ್ಚಿದ ಬಾಗಿಲು. ಇದು ಒಳಗೆ ಯಾರೋ ಓಡಾಡುತ್ತಿರುವ ಮನೆ.

ಡೊಂಬಯ್ಯ ಮರಳಿ ಬಂದಾಗ ಅವನ ಮುಖ ಅರಳಿತ್ತು.

"ಇದಕ್ಕೇ ಅದೃಷ್ಟ ಅನ್ನುವುದು ಗೌಡರೇ! ಅಷ್ಟೆಲ್ಲ ಮಾಡಿಯೂ ಹುಡುಗನಿಗೆ ಒಪ್ಪಿಗೆ ಉಂಟು. ಪೂವಕ್ಕನೂ ಹುಡುಗಿ ಸುಳ್ಳಿನವಳಲ್ಲ ಅಂದಳು. ಒಂದೇ ಒಂದು ಮಾತು. ಅವರ ಬನದ ನಾಗ ಬೇರೆ ಅಲ್ಲವಾ? ಮದುವೆಗೆ ಮೊದಲು ಅಲ್ಲಿಯೂ ಒಂದು ಬಲಿ ಆಗಲಿ, ಒಂದು ಮಂಡಲ ವ್ರತ ಇರಲಿ ಅಂತ. ಅಷ್ಟೇ. ಒಂದು ಸಲ ಮಾಡಿದ್ದೇ ಅಲ್ಲವಾ? ರೂಢಿ ಉಂಟು."

ಲೋಲಾಕ್ಷಿ ಈ ಸಲ ಬಾಗಿಲ ಹಿಂದೆ ನಿಂತಿರಲಿಲ್ಲ. ಜಗಲಿಯಲ್ಲೇ ಕೂತು ಬೀಜದ ಸಿಪ್ಪೆ ಒಡೆಯುತ್ತಿದ್ದಳು. ಬೇಡದ ಮನೆಯಲ್ಲ ಅದು. ಬೆಲ್ಲದೊಡನೆ ನಗು ನುಂಗಿದ ಮುಖ ಅವಳಿಗೆ ಒಂದೆರಡು ಸಲ ನೆನಪಾಗಿತ್ತು, ಸುಳ್ಳು ಯಾಕೆ. ಕಲ್ಲು ಕೆಳಗಿಟ್ಟಳು.

"ಬಲಿ ಮಾಡಲಿ, ಬರ್ತೇನೆ. ಉಪವಾಸ ಇರ್ತೇನೆ, ಅಡ್ಡಬೀಳ್ತೇನೆ. ಎಣ್ಣೆ ಬಿಡುವುದಿಲ್ಲ."

"ಒಂದು ಮಂಡಲ ಅಲ್ಲವಾ ಮಾರಾಯ್ತಿ! ಅಷ್ಟಕ್ಕೆ ಒಂದು ಸಂಬಂಧ ಬಿಡ್ತಾರಾ?"

"ಅವರು ಬಿಡುವುದಾದರೆ ಬಿಡಲಿ. ನಾನು ಬಿಡುವುದಿಲ್ಲ."

ಡೊಂಬಯ್ಯ ಗೌಡರ ಕಡೆ ತಿರುಗಿದ. "ನೀವು ಹೇಳಿ. ನೀವು ಒಂದು ಮಾತು ಹೇಳಿದರೆ ಮುಗೀತು."

ಸುಬ್ಬಪ್ಪ ಗೌಡರು ಅಂಗಳದ ಕಡೆ ನೋಡುತ್ತಿದ್ದರು. ಲೋಲಾಕ್ಷಿ ಅಪ್ಪನ ಕುತ್ತಿಗೆಯ ನರ ನೋಡುತ್ತಾ ಕಾದಳು. ಹಿಂದೆ ಇದೇ ಜಾಗದಲ್ಲಿ, ಇದೇ ನೋಟದಲ್ಲಿ ಗೆರಟೆ ಅಟ್ಟ ಹತ್ತಿತ್ತು.

"ಆ ತಿಂಗಳು," ಎಂದರು ಗೌಡರು, ಯಾರನ್ನೂ ನೋಡದೆ, "ಬೆಳಿಗ್ಗೆ ಅವಳ ಸೀರೆ ಕಾಲಿಗೆ ಅಂಟಿರ್ತಿತ್ತು. ಅವಳಮ್ಮ ಬಿಸಿನೀರು ಹೊಯ್ದು ಬಿಡಿಸುವ ಸದ್ದು ನನಗೆ ಕೇಳಿಸ್ತಿತ್ತು. ನಾನು ಗದ್ದೆಗೆ ಹೋಗಿಬಿಡ್ತಿದ್ದೆ."

ಡೊಂಬಯ್ಯ ಕೊಡೆಯ ಹಿಡಿಯನ್ನು ತಿರುಗಿಸುತ್ತಾ ಕೂತ.

"ಅವಳು ಹೇಳಿದ್ದು ಕೇಳಿತಲ್ಲ?" ಗೌಡರು ಎದ್ದರು. "ಹಾಗೆಯೇ ಹೋಗಿ ಹೇಳು. ಒಂದಕ್ಷರ ಮೆತ್ತಗೆ ಮಾಡ್ಬೇಡ."

"ಅವರು ಬೇಡ ಅಂದರೆ?"

"ಬೇಡ ಅನ್ನಲಿ. ನನ್ನ ಮಗಳು ನಮ್ಮ ಮನೆಯಲ್ಲಿ ಭಾರ ಆಗಿಲ್ಲ."

ಡೊಂಬಯ್ಯ ಕೊಡೆ ಎತ್ತಿಕೊಂಡು, ತಲೆ ಕೊಡವುತ್ತಾ ಅಂಗಳ ದಾಟಿದ. ಗೌಡರು ಬಚ್ಚಲಿನ ಕಡೆ ಹೋಗಿ, ಗೆರಟೆ ಇಟ್ಟ ಕಲ್ಲನ್ನು ಒಂದು ಗಳಿಗೆ ನೋಡಿದರು. ಕಲ್ಲು ಸ್ವಲ್ಪ ಓರೆಯಾಗಿತ್ತು. ಬಗ್ಗಿ ಒಂದು ಚೂರು ಹೆಂಚು ಹುಡುಕಿ, ಅಡಿಗೆ ಕೊಟ್ಟು, ಅಲುಗಾಡದ ಹಾಗೆ ಕೂರಿಸಿದರು.

ಜಗಲಿಯಲ್ಲಿ ಲೋಲಾಕ್ಷಿ ತನ್ನ ಕಲ್ಲೆತ್ತಿ ಮುಂದಿನ ಬೀಜ ಒಡೆದಳು.